ಚಿಹ್ನೆ ನೋಡ್ಬೇಕಾ, ಮನುಷ್ಯನ್ನ ನೋಡ್ಬೇಕಾ?

2024ರ ಲೋಕಸಭಾ ಚುನಾವಣೆಯ ಮತದಾನ ನಮ್ಮ ಕಡೆ ಏಪ್ರಿಲ್ 26ಕ್ಕೆ, ಶುಕ್ರವಾರ ಬಿತ್ತು. ಮೂರು ದಿನ ರಜೆ ಸಿಕ್ತು ಅಂತ ನಮ್ಮ ಟೀಮಿನ ಅರ್ಧ ಜನ ಚಿಕ್ಕಮಗಳೂರಿಗೆ ಹೊರಟರು. ನಾನು ಗೊರಗುಂಟೆಪಾಳ್ಯದಲ್ಲಿ ಶಿರಾ ಬಸ್ಸು ಹತ್ತಿ ಊರಿಗೆ ಹೋದೆ. ನಮ್ಮೂರು ವಸಂತನರಸಾಪುರದ ಪಕ್ಕ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟನೆ ಮಾಡಿದ್ರಲ್ಲ, ಅದೇ ವಸಂತನರಸಾಪುರ.

ರಾತ್ರಿ ಮುದ್ದೆ ಮುರಿಯುತ್ತಾ ಅಪ್ಪ ಪ್ರತಿ ಚುನಾವಣೆಯ ಮಾತನ್ನೇ ಹೇಳಿದ. "ಮನುಷ್ಯನ್ನ ನೋಡಕ್ಕೋಗ್ಬೇಡ ಕಣಪ್ಪ. ಮನುಷ್ಯ ಇವತ್ತಿರ್ತಾನೆ, ನಾಳೆ ಹೋಗ್ತಾನೆ. ಪಕ್ಷ ಇರುತ್ತೆ."

ನಾನೂ ಪ್ರತಿ ಚುನಾವಣೆಯ ಉತ್ತರವನ್ನೇ ಕೊಟ್ಟೆ. "ಪಕ್ಷ ಯಾವುದಾದ್ರೂ ಇರ್ಲಿ ಅಪ್ಪ, ಮನುಷ್ಯ ಪ್ರಾಮಾಣಿಕ ಆದ್ರೆ ಸಾಕು."

ನನಗೆ ವೋಟು ಬಂದಾಗಿನಿಂದ ಈ ಜಗಳ ನಡೀತಿದೆ. ಇಬ್ಬರ ಮಾತೂ ಅರ್ಧ ಮಾತ್ರ ನಿಜ ಅಂತ ಈಗ ಅನ್ನಿಸ್ತಿದೆ. ಅಪ್ಪನ ಪಕ್ಷ ಯಾವುದು ಅಂತ ಇಲ್ಲಿ ಹೇಳಲ್ಲ. ಹೇಳಿದ್ರೆ ನೀವು ಉಳಿದದ್ದನ್ನ ಓದೋ ರೀತಿಯೇ ಬದಲಾಗಿಬಿಡುತ್ತೆ.

ಮೊದಲು ಅಪ್ಪನ ವಾದ ತಗೊಳ್ಳೋಣ. ತುಮಕೂರು ಲೋಕಸಭಾ ಕ್ಷೇತ್ರದ ಹದಿನೈದು ವರ್ಷದ ಲೆಕ್ಕ ಹೀಗಿದೆ. 2009ರಲ್ಲಿ ಬಿಜೆಪಿಯ ಜಿ.ಎಸ್. ಬಸವರಾಜು ಗೆದ್ದರು, ಜೆಡಿಎಸ್‌ನ ಎಸ್.ಪಿ. ಮುದ್ದಹನುಮೇಗೌಡರು ಸೋತರು. ಬಸವರಾಜು ಅದಕ್ಕೂ ಮುಂಚೆ ಇದೇ ಕ್ಷೇತ್ರದಿಂದ ಕಾಂಗ್ರೆಸ್ ಸಂಸದರಾಗಿದ್ದವರು. 2014ರಲ್ಲಿ ಮತ್ತೆ ಅವರಿಬ್ಬರದೇ ಪೈಪೋಟಿ, ಆದರೆ ಮುದ್ದಹನುಮೇಗೌಡರು ಈ ಸಲ ಕಾಂಗ್ರೆಸ್‌ನಿಂದ ನಿಂತು ಗೆದ್ದರು. 2019ರಲ್ಲಿ ಮೈತ್ರಿಯ ಲೆಕ್ಕಾಚಾರದಲ್ಲಿ ಗೆದ್ದು ಕೂತಿದ್ದ ಅವರ ಸೀಟೇ ಜೆಡಿಎಸ್‌ಗೆ ಹೋಯ್ತು. ದೇವೇಗೌಡರು ನಿಂತರು, ಬಸವರಾಜು ಎದುರು 13,339 ವೋಟಿನಲ್ಲಿ ಸೋತರು. 2022ರಲ್ಲಿ ಮುದ್ದಹನುಮೇಗೌಡರು ಬಿಜೆಪಿ ಸೇರಿದರು. 2024ಕ್ಕೆ ಮತ್ತೆ ಕಾಂಗ್ರೆಸ್‌ಗೆ ಬಂದು ಅದರ ಅಭ್ಯರ್ಥಿಯಾದರು. ಎದುರಿಗೆ ವಿ. ಸೋಮಣ್ಣ. ಅವರೂ ಜನತಾದಳ, ಕಾಂಗ್ರೆಸ್ ಎರಡನ್ನೂ ನೋಡಿ ಬಿಜೆಪಿಗೆ ಬಂದವರೇ.

ಇದನ್ನ ಇವರ ಪ್ರಾಮಾಣಿಕತೆ ಮೇಲಿನ ತೀರ್ಪು ಅಂದ್ಕೋಬೇಡಿ. ಪಕ್ಷ ಬದಲಿಸೋದು ಕಳ್ಳತನ ಅಲ್ಲ. ನಾನೇ ಮೂರು ಕಂಪನಿ ಬದಲಿಸಿದೀನಿ. ನನ್ನ ಪ್ರಶ್ನೆ ಇಷ್ಟೇ. ಟಿಕೆಟ್ ಕೊಡೋರು, ತಗೊಳ್ಳೋರು ಇಬ್ಬರೂ ಇಟ್ಕೊಳ್ಳದ ನಿಷ್ಠೆಯನ್ನ ಅಪ್ಪ ಒಬ್ಬನೇ ಯಾಕೆ ಹೊತ್ಕೊಂಡು ತಿರುಗಬೇಕು?

ಈಗ ನನ್ನ ವಾದ. ಕುಣಿಗಲ್ ತುಮಕೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೆಂಗಳೂರು ಗ್ರಾಮಾಂತರಕ್ಕೆ ಸೇರುತ್ತೆ. ಅದೇ ಏಪ್ರಿಲ್ 26ಕ್ಕೆ ಅಲ್ಲಿ ಡಿ.ಕೆ. ಸುರೇಶ್ ಎದುರು ನಿಂತಿದ್ದವರು ಜಯದೇವ ಆಸ್ಪತ್ರೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್. ದೇವೇಗೌಡರ ಅಳಿಯ, ಚಿಹ್ನೆ ಬಿಜೆಪಿಯದು. ಆಗ ನನ್ನ ಕಿವಿಗೆ ಬೀಳ್ತಿದ್ದದ್ದು ಒಂದೇ ಮಾತು: "ಪಕ್ಷ ಬಿಡಿ ಸಾರ್, ಡಾಕ್ಟರನ್ನ ನೋಡಿ." ಎರಡೂವರೆ ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಅವರು ಗೆದ್ದರು. ನನ್ನ ಮಾತೇ ಗೆದ್ದ ಹಾಗೆ ಖುಷಿಯಾಯ್ತು.

ಆ ಖುಷಿ ಜಾಸ್ತಿ ದಿನ ನಿಲ್ಲಲಿಲ್ಲ. ಸಂಸತ್ತಿನಲ್ಲಿ ಒಬ್ಬ ಒಳ್ಳೆ ಮನುಷ್ಯ ಎಷ್ಟು ಒಳ್ಳೆಯವನಾಗಿ ಇರಬಹುದು? 1985ರಲ್ಲಿ 52ನೇ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಕಾನೂನು ಬಂತು. ಅದರ ಪ್ರಕಾರ ಪಕ್ಷದ ವಿಪ್‌ಗೆ ವಿರುದ್ಧವಾಗಿ ಸದನದಲ್ಲಿ ವೋಟು ಹಾಕಿದರೆ, ಅಥವಾ ಹಾಕದೆ ಸುಮ್ಮನಿದ್ದರೂ, ಸದಸ್ಯತ್ವ ಹೋಗಬಹುದು. ಯಾವ ಪಕ್ಷದವರಾದರೂ ಅಷ್ಟೇ. ನಾವು ಹೃದಯದ ಡಾಕ್ಟರನ್ನ ಆರಿಸಿ ಕಳಿಸ್ತೀವಿ, ಮಸೂದೆ ಬಂದಾಗ ಕೈ ಎತ್ತಬೇಕಾ ಬೇಡ್ವಾ ಅಂತ ಹೇಳೋದು ಪಕ್ಷ.

ಗುಬ್ಬಿಯ ಕತೆ ಇನ್ನೂ ಸ್ವಾರಸ್ಯ. 2022ರ ಜೂನ್ 10ಕ್ಕೆ ರಾಜ್ಯಸಭಾ ಚುನಾವಣೆ. ಅಲ್ಲಿ ಶಾಸಕರ ವೋಟು ಗುಟ್ಟಾಗಿರಲ್ಲ, 2003ರ ತಿದ್ದುಪಡಿ ಆದಮೇಲೆ ಪಕ್ಷದ ಏಜೆಂಟಿಗೆ ತೋರಿಸಿಯೇ ಹಾಕಬೇಕು. ಗುಬ್ಬಿಯ ಜೆಡಿಎಸ್ ಶಾಸಕ ಎಸ್.ಆರ್. ಶ್ರೀನಿವಾಸ್ ತನ್ನ ಅಭ್ಯರ್ಥಿಗೆ ವೋಟು ಹಾಕಲಿಲ್ಲ ಅಂತ ಪಕ್ಷ ಆರೋಪ ಮಾಡಿತು. ಅವರು ಇಲ್ಲ ಅಂದರು. ಪಕ್ಷ ಹೊರಹಾಕಿತು. 2023ರಲ್ಲಿ ಅವರು ಕಾಂಗ್ರೆಸ್‌ನಿಂದ ನಿಂತರು, ಗುಬ್ಬಿಯ ಜನ ಗೆಲ್ಲಿಸಿದರು. ಯಾರದು ಸರಿ ಅಂತ ನಾನು ಹೇಳ್ತಿಲ್ಲ. ಆದರೆ ಒಂದು ಗಮನಿಸಿ: ಶಾಸಕ ತನ್ನ ವೋಟನ್ನ ಪಕ್ಷಕ್ಕೆ ತೋರಿಸಬೇಕು, ನಾವು ಯಾರಿಗೂ ತೋರಿಸಬೇಕಾಗಿಲ್ಲ. ಆ ಸ್ವಾತಂತ್ರ್ಯ ಇರೋದು ನಮಗೆ, ನಾವೇ ಅದನ್ನ ಬಳಸ್ತಿಲ್ಲ.

ಒಳ್ಳೆ ಮನುಷ್ಯ, ಒಳ್ಳೆ ಪಕ್ಷ ಅನ್ನೋದು ಎರಡು ಬೇರೆ ತಕ್ಕಡಿಯಲ್ಲೇ ಇರಬೇಕು ಅಂತೇನೂ ಇಲ್ಲ. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಮಾಜವಾದಿಯಾಗಿ ವಿಧಾನಸಭೆಗೆ ಬಂದರು. ಒಂದು ವೋಟಿನ ಜೊತೆ ಒಂದು ನೋಟೂ ಕೊಡಿ ಅಂತ ಅವರು ಜನರ ಹತ್ತಿರ ಕೇಳಿದ್ದು ಇವತ್ತಿಗೂ ಮಲೆನಾಡಿನ ಮಾತಾಗಿ ಉಳಿದಿದೆ. ಕಾಗೋಡು ಗೇಣಿದಾರರ ಹೋರಾಟದಲ್ಲಿ ಅವರ ಪಕ್ಷ ನಿಂತಿತ್ತು, ಅವರೂ ನಿಂತಿದ್ದರು. ಅವರಿಗೆ ವೋಟು ಹಾಕಿದವರು ಮನುಷ್ಯನಿಗೆ ಹಾಕಿದ್ರಾ ಪಕ್ಷಕ್ಕೆ ಹಾಕಿದ್ರಾ ಅಂತ ಬಿಡಿಸಿ ಹೇಳೋದು ಕಷ್ಟ. ಆ ಎರಡನ್ನೂ ಬೇರೆ ಮಾಡಿ "ಯಾವುದಾದ್ರೂ ಒಂದು ಆರಿಸ್ಕೊ" ಅನ್ನೋ ಸ್ಥಿತಿಗೆ ನಾವು ಯಾಕೆ ಬಂದ್ವಿ?

ಇದಕ್ಕೆ ನಮ್ಮೂರಿನ ಒಂದು ಘಟನೆ ಹೇಳ್ತೀನಿ. ಹಲವು ವರ್ಷದ ಹಿಂದೆ ನಮ್ಮ ಕಡೆ ಒಂದಷ್ಟು ಮನೆಗಳಿಗೆ ಜಮೀನು ಸ್ವಾಧೀನದ ನೋಟಿಸು ಬಂತು. ಅದರ ಕನ್ನಡ ಅರ್ಥ ಮಾಡ್ಕೊಳ್ಳೋಕೆ ಬಿಇ ಓದ್ತಿದ್ದ ನನಗೂ ಆಗಲಿಲ್ಲ. ಅಪ್ಪನ ಪಕ್ಷದ ಮುಖಂಡರ ಮನೆಗೆ ನಾಲ್ಕು ಸಲ ಹೋದ್ವಿ, "ಸಾಹೇಬ್ರು ಬೆಂಗಳೂರಲ್ಲವ್ರೆ" ಅನ್ನೋ ಉತ್ತರವೇ. ಕೊನೆಗೆ ಬಂದದ್ದು ಎದುರು ಪಕ್ಷದ ಒಬ್ಬರು. ಅರಳಿಕಟ್ಟೆ ಮೇಲೆ ಕೂತು ಒಬ್ಬೊಬ್ಬರ ಪಹಣಿ ನೋಡಿ, ಆಕ್ಷೇಪಣೆ ಬರೆದುಕೊಟ್ಟು, ಎಷ್ಟು ದಿನದೊಳಗೆ ಕೊಡಬೇಕು ಅಂತ ಹೇಳಿಕೊಟ್ಟರು. ದುಡ್ಡು ಕೊಡಕ್ಕೆ ಹೋದ್ರೆ ಬೈದರು. ಎಲ್ಲರ ಜಮೀನೂ ಉಳೀತು ಅಂತಲ್ಲ. ಆದರೆ ಯಾರೂ ಮೋಸ ಹೋಗಲಿಲ್ಲ.

2016ರ ಫೆಬ್ರವರಿಯಲ್ಲಿ ಅವರು ತಾಲ್ಲೂಕು ಪಂಚಾಯ್ತಿಗೆ ನಿಂತರು. ಗ್ರಾಮ ಪಂಚಾಯ್ತಿಯಾಗಿದ್ರೆ ಪಕ್ಷದ ಚಿಹ್ನೆ ಇರ್ತಿರಲಿಲ್ಲ, ತಾಲ್ಲೂಕು ಪಂಚಾಯ್ತಿಗೆ ಇರುತ್ತೆ. ಅಪ್ಪ ವೋಟು ಹಾಕಲಿಲ್ಲ. "ಒಳ್ಳೆಯವ್ನೇ ಕಣಪ್ಪ. ಆದ್ರೆ ಚಿಹ್ನೆ ನಮ್ದಲ್ವಲ್ಲ." ಅವರು ಸೋತರು. ನಾನೂ ಹಾಕಲಿಲ್ಲ, ಅವತ್ತು ನನ್ನದೊಂದು ರಿಲೀಸ್ ಇತ್ತು, ಬೆಂಗಳೂರಲ್ಲೇ ಉಳಿದೆ. ಪ್ರಾಮಾಣಿಕತೆ ಬಗ್ಗೆ ಭಾಷಣ ಮಾಡೋ ನನಗಿಂತ ಬಿಸಿಲಲ್ಲಿ ನಿಂತು ತಪ್ಪು ವೋಟು ಹಾಕಿದ ಅಪ್ಪನೇ ವಾಸಿ.

ಆ ಚುನಾವಣೆಯಲ್ಲಿ ವಿಪ್ ಇಲ್ಲ, ಸರ್ಕಾರ ಬೀಳೋ ಭಯ ಇಲ್ಲ. ನೋಟಿಸು ಓದಿ ಹೇಳೋ ಮನುಷ್ಯ ಬೇಕಷ್ಟೇ. ಮೇಲೆ ಹೋದಷ್ಟೂ ಪಕ್ಷದ ತೂಕ ಹೆಚ್ಚುತ್ತೆ, ಒಪ್ಪುತ್ತೇನೆ. ದಿಲ್ಲಿಯ ವೋಟಿನಲ್ಲಿ ಪಕ್ಷದ ನೀತಿ ನೋಡಿದ್ರೆ ತಪ್ಪಿಲ್ಲ. ಆದರೆ ಅಲ್ಲೂ ಒಂದು ಗೆರೆ ಇರಬೇಕು, ಅದಕ್ಕಿಂತ ಕೆಳಗಿನವನನ್ನ ನಮ್ಮ ಪಕ್ಷವೇ ನಿಲ್ಲಿಸಿದ್ರೂ ಹಾಕಲ್ಲ ಅಂತ. ಆಸ್ತಿ, ಕೇಸು ಎಲ್ಲ ಇರೋ ಅಫಿಡವಿಟ್ಟು ಚುನಾವಣಾ ಆಯೋಗದ ಸೈಟಲ್ಲೇ ಸಿಗುತ್ತೆ. ಹೊಸ ಫೋನ್ ತಗೊಳ್ಳೋಕೆ ನಾಲ್ಕು ರಿವ್ಯೂ ಓದೋರು ನಾವು, ಇದನ್ನ ಓದಕ್ಕೆ ಹತ್ತು ನಿಮಿಷ ಸಾಕು.

"ಹಂಗಾದ್ರೆ ಎದುರಿನ ಪಕ್ಷ ಗೆಲ್ಲುತ್ತಲ್ಲ?" ಅಂತೀರಿ. ಗೆಲ್ಲಬಹುದು. ಐದು ವರ್ಷ ಅನುಭವಿಸಬೇಕಾಗಬಹುದು. ಈ ಬೆಲೆ ಸಣ್ಣದಲ್ಲ. 2013ರಿಂದ ನೋಟಾ ಇದೆಯಲ್ಲ ಅಂದ್ರೆ, ಲೋಕಸಭೆ, ವಿಧಾನಸಭೆಯಲ್ಲಿ ನೋಟಾಕ್ಕೆ ಜಾಸ್ತಿ ವೋಟು ಬಿದ್ದರೂ ಗೆಲ್ಲೋದು ಅದರ ಕೆಳಗಿನ ಅಭ್ಯರ್ಥಿಯೇ. ಆದರೆ ಅತ್ತಿತ್ತ ಓಲಾಡೋ ನನ್ನಂಥವನ ವೋಟು ಹೋದ್ರೆ ಪಕ್ಷಕ್ಕೆ ಅಂಥ ನೋವಾಗಲ್ಲ. ಮೂವತ್ತು ವರ್ಷ ಹಾಕಿದ ಅಪ್ಪನಂಥವನ ವೋಟು ಒಂದು ಸಲ ಬರದಿದ್ರೆ ಮಾತ್ರ ಟಿಕೆಟ್ ಹಂಚೋರು ಯಾಕೆ ಅಂತ ಕೇಳ್ತಾರೆ. ಪಕ್ಷವನ್ನ ಸರಿ ಮಾಡೋ ಶಕ್ತಿ ಇರೋದು ನಿಷ್ಠಾವಂತರಿಗೇ.

ಮತ ಹಾಕಿ ಬರ್ತಾ ಅಪ್ಪ ತಾನಾಗೇ ಅಂದ. "ಆ ಅರಳಿಕಟ್ಟೆಯವ್ನು ನಮ್ಮ ಪಕ್ಷದಲ್ಲಿ ನಿಂತಿದ್ರೆ ಕಣ್ಣು ಮುಚ್ಕೊಂಡು ಹಾಕ್ತಿದ್ದೆ."

"ಅವ್ರಿಗೆ ಯಾಕಪ್ಪ ಟಿಕೆಟ್ ಕೊಡ್ತಾರೆ? ಯಾರನ್ನ ನಿಲ್ಲಿಸಿದ್ರೂ ನಿನ್ನ ವೋಟು ಬರುತ್ತೆ ಅಂತ ಅವ್ರಿಗೆ ಗೊತ್ತಲ್ಲ."

ಸ್ವಲ್ಪ ದೂರ ಮಾತಾಡಲಿಲ್ಲ. ಆಮೇಲೆ, "ತಾಲ್ಲೂಕು ಪಂಚಾಯ್ತಿ ಎಲೆಕ್ಷನ್ ಯಾವಾಗ್ಲಾ?" ಅಂದ.

2021ಕ್ಕೇ ಅವಧಿ ಮುಗಿದಿದೆ. ಇದನ್ನ ಬರೆಯೋ ಹೊತ್ತಿಗೂ ಚುನಾವಣೆ ಆಗಿಲ್ಲ. ಆದಾಗ ರಜೆ ಹಾಕ್ತೀನಿ ಅಂತ ಅಪ್ಪನಿಗೆ ಹೇಳಿದೀನಿ.