‘ಮತ್ತ’ ಎಂಬ ಅವ್ಯಯ

ಇಂಗ್ಲಿಷಿನ ‘ದೆನ್’ ಎಂಬ ಅವ್ಯಯದ ಅರ್ಥಭೇದಗಳನ್ನು ಈ ವಾರ ವಿವೇಚಿಸುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನು. ಆದರೆ ಅದಕ್ಕೆ ಸಮಾನವಾದುದನ್ನು ಅರಸುತ್ತ ಕಿಟೆಲ್ಲರ 1894ರ ನಿಘಂಟಿನಲ್ಲಿ ‘ಮತ್ತೆ’ಯ ಬಳಿಗೆ ಬಂದು ನಿಂತ ಮೇಲೆ, ನಮ್ಮ ಜಮಖಂಡಿ-ಮುಧೋಳ ಸೀಮೆಯ ‘ಮತ್ತ’ವೇ ಹೆಚ್ಚು ವಿಚಾರಾರ್ಹವೆಂದು ತೋರಿ ಲೇಖನಿ ಇತ್ತ ಹೊರಳಿತು.

ಶಾಲೆಯ ವ್ಯಾಕರಣ ಇದಕ್ಕೆ ‘ಪುನಃ’ ಎಂಬ ಒಂದೇ ಅರ್ಥ ಹೇಳಿ ಮುಂದೆ ಸಾಗುತ್ತದೆ. ಬನಹಟ್ಟಿಯ ನೇಕಾರರ ಮನೆಯಲ್ಲಿ ಕುಣಿಮಗ್ಗದಲ್ಲಿ ಕುಳಿತ ತಂದೆ ‘ಕಂಡಿಕಿ ಸುತ್ತೀಯೇನ?’ ಎಂದು ಕೇಳಿದರೆ, ಒಳಗಿನಿಂದ ಮಗಳು ‘ಮತ್ತ!’ ಎನ್ನುತ್ತಾಳೆ; ತಕಾರದ ಮೇಲೆ ಒತ್ತು ಬಿದ್ದು ಕಡೆಯ ಸ್ವರ ತುಸು ಏರುವ ಆ ಎರಡಕ್ಷರದೊಳಗೆ ‘ಸುತ್ತದೆ ಬಿಟ್ಟೇನೆ, ಇದು ಕೇಳುವ ಮಾತೆ’ ಎಂಬುದೆಲ್ಲ ಅಡಗಿದೆ. ‘ಲಗೂ ನಡಿ, ಮತ್ತ ಬಸ್ ತಪ್ಪೀತು’ ಎಂಬಲ್ಲಿ ಅದು ‘ಇಲ್ಲವಾದರೆ’. ‘ಮತ್ತೇನ್ರಿ’ ಎಂಬಲ್ಲಿ ಕುಶಲಪ್ರಶ್ನೆ. ಬೀಳಗಿಯ ಸಂತೆ ಮುಗಿಸಿ ಏಳುವವನ ‘ಬರ್ತೇನ್ರಿ ಮತ್ತ’ ಎಂಬುದರಲ್ಲಿ ಕಾಲವೂ ಇಲ್ಲ, ಪುನರಾವೃತ್ತಿಯೂ ಇಲ್ಲ, ಅಪ್ಪಣೆ ಬೇಡುವ ವಿನಯವೊಂದೇ ಇದೆ.

ಇದೆಲ್ಲ ಮರಾಠಿಯ ‘ಮಗ’ ಎಂಬುದರ ಅನುಕರಣವೆನ್ನುವವರೊಡನೆ ನನ್ನ ವಾದ ಹಳೆಯದು. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ 1948ರವರೆಗೆ ಆಳಿದುದು ನಿಜ. ‘ಯೇತೋ ಮಗ’ ಎಂದು ಬೀಳ್ಕೊಳ್ಳುವ ವಾಡಿಕೆ ಮರಾಠಿಗರಿಗುಂಟೆಂಬುದೂ ನಿಜ. ಒಂದೇ ಪೇಟೆಯಲ್ಲಿ ತಲೆತಲಾಂತರ ವ್ಯವಹರಿಸಿದ ಎರಡು ಭಾಷೆಗಳು ವಿನಯದ ರೀತಿಯನ್ನು ಹಂಚಿಕೊಂಡಿರಲೂಬಹುದು. ಶಬ್ದವು ಮಾತ್ರ ನಮ್ಮದು. ಚಂಪೂಕಾವ್ಯಗಳಲ್ಲಿ ಪದ್ಯಪದ್ಯಗಳ ನಡುವೆ ‘ಮತ್ತಂ’ ಎಂಬುದು ಏಕಾಕಿಯಾಗಿ ನಿಂತು ಓದುಗನನ್ನು ಮುಂದಣ ವರ್ಣನೆಗೆ ದಾಟಿಸುವುದನ್ನು ಕಂಡವರಿಗೆ ಈ ವಿಷಯದಲ್ಲಿ ಸಂಶಯವಿರಲಾರದು. ಆ ಪರಂಪರೆಯ ಶಿಖರವಾದ ರನ್ನನು ಹತ್ತನೆಯ ಶತಮಾನದಲ್ಲಿ ನಮ್ಮ ಮುಧೋಳದಲ್ಲೇ, ಅಂದಿನ ಮುದುವೊಳಲಿನಲ್ಲೇ, ಬಳೆಗಾರರ ಕುಲದಲ್ಲಿ ಹುಟ್ಟಿದವನು. ಭೀಮದುರ್ಯೋಧನರ ಗದಾಯುದ್ಧವೊಂದನ್ನೇ ಹಿಡಿದು, ಸಿಂಹಾವಲೋಕನಕ್ರಮದಿಂದ ಭಾರತವನ್ನೆಲ್ಲ ಅದರೊಳಗೆ ತಂದಿರಿಸಿದವನು. ಕೇಶಿರಾಜನಾದರೋ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಇಂದಿನ ಪಠ್ಯಗಳಿಗೆ ಒಂದು ಪಟ್ಟಿ ಸಾಕಾಗಿದೆ.

ಪರಭಾಷೆಯ ಪ್ರಭಾವವನ್ನು ಹುಡುಕುವವರು ‘ಮತ್ತು’ವನ್ನು ನೋಡಲಿ. ‘ರಬಕವಿ, ಮುಧೋಳ ಮತ್ತು ಬೀಳಗಿ’ ಎಂಬ ಬರವಣಿಗೆ ಇಂಗ್ಲಿಷಿನ ಜಾಡಿನಲ್ಲಿ ನಡೆದದ್ದು. ಕಟ್ಟೆಯ ಮೇಲೆ ಕುಳಿತವರು ‘ರಬಕವಿಗೂ ಹೋಗಿದ್ದೆ, ಮುಧೋಳಕ್ಕೂ ಹೋಗಿದ್ದೆ’ ಎನ್ನುವರೇ ಹೊರತು ಅದನ್ನು ಎಂದೂ ನಾಲಗೆಗೆ ತಾರರು. ಆದರೂ ಬಾಲಕನ ಪ್ರಬಂಧದಲ್ಲಿ ‘ಮತ್ತ’ ಕಂಡೊಡನೆ ಗ್ರಾಮ್ಯವೆಂದು ಕೆಂಪುಮಸಿಯೆಳೆಯುವ ಉಪಾಧ್ಯಾಯರು, ಪ್ರತಿ ಸಾಲಿನಲ್ಲಿಯೂ ಇಣುಕುವ ‘ಮತ್ತು’ವನ್ನು ಶಿಷ್ಟವೆಂದು ಬಿಟ್ಟುಕೊಡುತ್ತಿದ್ದಾರೆ.