ಕಾಯ ಮತ್ತು ಕಾಯಕ: ಎರಡು ಆತ್ಮಕಥನಗಳ ಮರುಓದು

ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನು ಅವರದೇ ಮಾತಿನಲ್ಲಿ ಕನ್ನಡಕ್ಕೆ ತಂದ ಎರಡು ಕೃತಿಗಳನ್ನು ನಾವಿಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇವೆ: ಎ. ರೇವತಿಯವರ 'ಬದುಕು ಬಯಲು' (ಅನುವಾದ: ದು. ಸರಸ್ವತಿ) ಮತ್ತು ಮಂಜಮ್ಮ ಜೋಗತಿಯವರ 'ನಡುವೆ ಸುಳಿವ ಹೆಣ್ಣು' (ನಿರೂಪಣೆ: ಅರುಣ್ ಜೋಳದಕೂಡ್ಲಿಗಿ). ಇವನ್ನು ನೋವಿನ ಕಥನಗಳೆಂದು ಓದುವ ಕ್ರಮ ರೂಢಿಯಲ್ಲಿದೆ. ಆ ಓದಿಗೆ ಆಧಾರವೂ ಇದೆ. ಆದರೆ ಅದರಲ್ಲಿ ಕಥಾನಾಯಕಿಯ ಕಾಯವಷ್ಟೇ ಕಾಣುತ್ತದೆ, ಕಾಯಕ ಮರೆಯಾಗುತ್ತದೆ.

ಎರಡನೆಯ ಕೃತಿಯ ಶೀರ್ಷಿಕೆಯನ್ನೇ ಗಮನಿಸಬಹುದು. ಅದು ಓದುಗನನ್ನು ನೇರವಾಗಿ ಜೇಡರ ದಾಸಿಮಯ್ಯನ ವಚನಕ್ಕೆ ಕೊಂಡೊಯ್ಯುತ್ತದೆ. ದೇಹದ ಕುರುಹುಗಳಿಂದ ಹೆಣ್ಣು ಗಂಡುಗಳನ್ನು ನಿರ್ಣಯಿಸುವ ಲೋಕವನ್ನು ಆ ವಚನ ಪ್ರಶ್ನಿಸುತ್ತದೆ. ಗೊಗ್ಗವ್ವೆಯೂ ನಾಸ್ತಿನಾಥನ ಅಂಕಿತದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದಾಳೆ. ವಿಮರ್ಶೆ ಈ ವಚನಗಳ ತಾತ್ತ್ವಿಕತೆಯನ್ನು ಸಾಕಷ್ಟು ಚರ್ಚಿಸಿದೆ. ಆದರೆ ಅವನು 'ಜೇಡರ' ದಾಸಿಮಯ್ಯ, ನೇಕಾರ. ಅವಳು 'ಧೂಪದ' ಗೊಗ್ಗವ್ವೆ. ಲಿಂಗಭೇದವನ್ನು ಅಲ್ಲಗಳೆದ ಇಬ್ಬರೂ ತಮ್ಮ ಗುರುತನ್ನು ದುಡಿಮೆಯಿಂದ ಪಡೆದವರು. ಈ ಸಂಬಂಧ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಮಂಜಮ್ಮನವರ ಬದುಕಿನಲ್ಲಿ ಸಮುದಾಯ, ಆತ್ಮಾಭಿವ್ಯಕ್ತಿ ಮತ್ತು ವೃತ್ತಿ ಮೂರೂ ಒಂದೇ ನೆಲೆಯಲ್ಲಿ ಕೂಡುತ್ತವೆ. ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯಾಗಿ ದೀಕ್ಷೆ ಪಡೆದ ಅವರು, ಕಾಳವ್ವ ಜೋಗತಿಯವರಿಂದ ನೃತ್ಯ ಕಲಿತು, ಮುಂದೆ ಆ ಮೇಳವನ್ನು ತಾವೇ ನಡೆಸಿದರು. ತಲೆಯ ಮೇಲಿನ ಕೊಡ, ಕೈಯಲ್ಲಿನ ಚೌಡಿಕೆ ಮೊದಲು ಆಚರಣೆಯ ಅಂಗ, ಅನಂತರ ಕಲೆ, ಕೊನೆಗೆ ಅನ್ನದ ದಾರಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ ಅವರಿಗೆ ಒಲಿಯಿತು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದರು. ಸಭೆಯ ಮರ್ಯಾದೆಗಾಗಿ ತಮ್ಮವರ ರೀತಿಯನ್ನು ಹೊರಗೆ ಬಿಟ್ಟು ಬರಲಿಲ್ಲ.

ರೇವತಿಯವರ ಪರಿಸ್ಥಿತಿ ಬೇರೆ. ಹಿಜ್ರಾ ಸಮುದಾಯ ಅವರಿಗೆ ಹೆಣ್ಣಾಗಿ ಬಾಳುವ ಅವಕಾಶ ನೀಡಿತು. ಜೊತೆಗೆ ಅಂಗಡಿಗಳಲ್ಲಿ ಹಣ ಕೇಳುವುದು, ಲೈಂಗಿಕ ವೃತ್ತಿ ಎಂಬ ಕೆಲವೇ ದಾರಿಗಳನ್ನು ತೋರಿಸಿತು. 1999ರಲ್ಲಿ ಬೆಂಗಳೂರಿನ 'ಸಂಗಮ' ಸಂಸ್ಥೆ ಸೇರಿ, ಕಚೇರಿ ಸಹಾಯಕಿಯ ಕೆಲಸದಿಂದ ನಿರ್ದೇಶಕಿಯ ಸ್ಥಾನದವರೆಗೆ ಅವರು ಏರಿದರು. ಗುರು-ಚೇಲಾ ಸಂಬಂಧದ ಹೊಣೆ ಒಂದೆಡೆ, ಸಂಬಳದ ಕೆಲಸದ ಶಿಸ್ತು ಇನ್ನೊಂದೆಡೆ. ಸಮುದಾಯದ ಪರವಾಗಿ ಮಾತನಾಡುವುದೇ ಉದ್ಯೋಗವಾದಾಗ, ಕಚೇರಿಯ ಬಾಗಿಲು ಮುಚ್ಚಿದ ಮೇಲೂ ಆ ಉದ್ಯೋಗ ಮುಗಿಯುವುದಿಲ್ಲ.

ಹೀಗೆ ಒಬ್ಬರಿಗೆ ಆಚರಣೆ, ಇನ್ನೊಬ್ಬರಿಗೆ ಹೋರಾಟ ವೃತ್ತಿಯಾಯಿತು. ಇಬ್ಬರ ವಿಷಯದಲ್ಲೂ ಲಿಂಗತ್ವದ ಗುರುತೇ ಉದ್ಯೋಗದ ಅರ್ಹತೆ. ಇದನ್ನು ಸಮನ್ವಯವೆಂದು ಮೆಚ್ಚುವ ಮುನ್ನ ಒಂದು ಎಚ್ಚರ ಅಗತ್ಯ. ಕಾಯಕ ಆಯ್ಕೆಯಿಂದ ಬಂದಾಗ ಘನತೆ. ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದರಿಂದ ಬಂದಾಗ ಅದು ಜಾತಿಕಸುಬಿನಷ್ಟೇ ಬಿಗಿಯಾದ ಕಟ್ಟು. ಗುಮಾಸ್ತೆಯಾಗಿ, ಗಣಿತದ ಅಧ್ಯಾಪಕಿಯಾಗಿ, ತನ್ನ ಗುರುತು ಕೆಲಸದ ವಿಷಯವೇ ಆಗದಂತೆ ದುಡಿಯುವ ಹೆಣ್ಣಿನ ಕಥನ ಈ ಎರಡು ಕೃತಿಗಳಲ್ಲಿ ಇಲ್ಲ. ಆ ಕೊರತೆ ಲೇಖಕಿಯರದಲ್ಲ, ಸಮಾಜದ್ದು. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಲಿಂಗತ್ವದ ಸ್ವನಿರ್ಣಯವನ್ನು ಹಕ್ಕೆಂದು ಮನ್ನಿಸಿತು. ಕರ್ನಾಟಕ ಸರಕಾರ 2021ರಲ್ಲಿ ಸರಕಾರಿ ನೇಮಕಾತಿಯಲ್ಲಿ ಶೇ. 1ರ ಮೀಸಲಾತಿ ತಂದಿತು. ಇವುಗಳ ಫಲವನ್ನು ಮುಂದಿನ ಆತ್ಮಕಥನಗಳಲ್ಲಿ ಹುಡುಕಬೇಕು.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ವಿಶೇಷ ಅನುಕೂಲವಿದೆ. ರೇವತಿಯವರ ಕಥನ ಹುಟ್ಟಿದ್ದು ತಮಿಳಿನಲ್ಲಿ, ವಿ. ಗೀತಾ ಅವರ ಇಂಗ್ಲಿಷ್ ಅನುವಾದ 2010ರಲ್ಲಿ ಪ್ರಕಟವಾಯಿತು. ಬಂಗಾಳಿ ಅಧ್ಯಾಪಕಿ ಮಾನಬಿ ಬಂದ್ಯೋಪಾಧ್ಯಾಯರು 2015ರಲ್ಲಿ ಕೃಷ್ಣನಗರ ಮಹಿಳಾ ಕಾಲೇಜಿನ ಪ್ರಾಚಾರ್ಯರಾದವರು. ಅವರ ಉದ್ಯೋಗಕ್ಕೆ ಆಧಾರ ಸಾಹಿತ್ಯದ ವಿದ್ವತ್ತು. ಅವರ ಆತ್ಮಕಥನವನ್ನು ಇವುಗಳ ಪಕ್ಕದಲ್ಲಿರಿಸಿ, ಯಾರು ಎಷ್ಟು ನೊಂದರು ಎಂಬುದರ ಜೊತೆಗೆ ಯಾರು ಏನನ್ನು ಕಲಿತರು, ಹೇಗೆ ದುಡಿದರು, ಯಾವ ಹೆಸರಿನಲ್ಲಿ ಸಂಬಳ ಪಡೆದರು ಎಂದು ಕೇಳುವ ತೌಲನಿಕ ಅಧ್ಯಯನ ಆಗಬೇಕಾಗಿದೆ.