ಆಂಬುಲೆನ್ಸ್ ಬರುವ ಮೊದಲು

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಡಿ ಬಳಿ ಕಾಡುಗಳ್ಳ ವೀರಪ್ಪನ್ ಹತನಾದ ‘ಆಪರೇಷನ್ ಕಕೂನ್’ ಬಗ್ಗೆ ಹೊಗಳಿಕೆಯೇ ಹೆಚ್ಚು. ಅರ್ಧ ಹೊಗಳಿಕೆಗೆ ಅದು ಅರ್ಹ. ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಕಾಡು ಜಾಲಾಡುವುದನ್ನು ಬಿಟ್ಟು ಆತನ ಅಗತ್ಯಗಳ ಬೆನ್ನು ಹತ್ತಿತು. ಆತನಿಗೆ ದೃಷ್ಟಿ ಮಂದವಾಗಿತ್ತು, ತಂಡವೂ ಕರಗಿ ಬೆರಳೆಣಿಕೆಗೆ ಇಳಿದಿತ್ತು. ಚಿಕಿತ್ಸೆಗೆ ಕರೆದೊಯ್ಯುತ್ತೇವೆಂದು ನಂಬಿಸಿದವರ ಹಿಂದೆ ಪೊಲೀಸರಿದ್ದರು, ಆಂಬುಲೆನ್ಸಿನ ಚಾಲಕನೂ ಪೊಲೀಸನೇ. ಆ ಹೆಸರಾಂತ ಮೀಸೆಯನ್ನು ಕತ್ತರಿಸಿಕೊಂಡೇ ಆತ ಗಾಡಿ ಹತ್ತಿದ್ದ.

ಹಾಗಾದರೆ ಒತ್ತೆಯಾಳುಗಳ ಕಾಲದಲ್ಲಿ ಈ ಗುಪ್ತಚರ ಜಾಣ್ಮೆ ಎಲ್ಲಿತ್ತು? 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ಆತ ಕರೆದೊಯ್ದ. ಅಲ್ಲಿ ಅಪಾಯವಿದೆಯೆಂಬ ಎಚ್ಚರಿಕೆ ಮೊದಲೇ ಇತ್ತು. ಕಾವಲು ಮಾತ್ರ ಇರಲಿಲ್ಲ. ಆಮೇಲಿನ 108 ದಿನ ಕರ್ನಾಟಕ, ತಮಿಳುನಾಡು ಸರ್ಕಾರಗಳೆರಡೂ ಕಾಡಿನಿಂದ ಬರುವ ಕ್ಯಾಸೆಟ್ಟಿಗೆ ಕಿವಿಗೊಟ್ಟು ಕೂತವು. ಒಳಗಿನ ಸುದ್ದಿ ತಂದವರು ಪತ್ರಕರ್ತ ನಕ್ಕೀರನ್ ಗೋಪಾಲ್ ಮತ್ತು ಆಮೇಲೆ ತಮಿಳು ನಾಯಕ ನೆಡುಮಾರನ್, ಪೊಲೀಸ್ ಇಲಾಖೆಯವರಲ್ಲ. ಬಿಡುಗಡೆಗೆ ಹಣ ಸಂದಾಯವಾಯಿತೆಂದು ಆಗ ಡಿಜಿಪಿಯಾಗಿದ್ದ ಸಿ. ದಿನಕರ್ ಪುಸ್ತಕ ಬರೆದರು, ಸರ್ಕಾರ ಅಲ್ಲಗಳೆಯಿತು. 2002ರಲ್ಲಿ ಕಾಮಗೆರೆಯಿಂದ ವೀರಪ್ಪನ್ ಒಯ್ದ ಮಾಜಿ ಸಚಿವ ಎಚ್. ನಾಗಪ್ಪ ಜೀವಂತ ಮರಳಲೇ ಇಲ್ಲ.

ರಾಜ್‌ಕುಮಾರ್ ಬಿಡುಗಡೆಗಾಗಿ ವೀರಪ್ಪನ್ ಸಹಚರರ ಮೇಲಿನ ಟಾಡಾ (ಭಯೋತ್ಪಾದನಾ ತಡೆ ಕಾಯ್ದೆ) ಪ್ರಕರಣಗಳನ್ನು ಹಿಂಪಡೆಯಲು ಕರ್ನಾಟಕ ಹೊರಟಾಗ ಸುಪ್ರೀಂ ಕೋರ್ಟಿಗೆ ಹೋಗಿ ತಡೆದವರು ಅಬ್ದುಲ್ ಕರೀಂ. ಅವರ ಮಗ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್, 1992ರ ಆಗಸ್ಟ್ 14ರಂದು ಎಸ್‌ಪಿ ಹರಿಕೃಷ್ಣ ಅವರೊಂದಿಗೆ ಮೀಣ್ಯಂ ಬಳಿ ಪ್ರಾಣ ಕಳೆದುಕೊಂಡಿದ್ದರು. ಮಾಹಿತಿದಾರನನ್ನು ನಂಬಿ ಹೋಗಿದ್ದರು. ಆ ಮಾಹಿತಿಯೇ ಬಲೆ.

ಮಾಹಿತಿ ಹುಟ್ಟುವುದು ಊರವರಲ್ಲಿ. ಆ ಊರವರ ಮೇಲೆಯೇ ವರ್ಷಗಟ್ಟಲೆ ಲಾಠಿ ಬೀಸಿದ್ದು ಎರಡೂ ರಾಜ್ಯಗಳ ಕಾರ್ಯಪಡೆ. ಮಲೆ ಮಹದೇಶ್ವರ ಬೆಟ್ಟದ ‘ವರ್ಕ್‌ಶಾಪ್’ ಎಂಬ ಚಿತ್ರಹಿಂಸೆಯ ತಾಣ, ಈ ದೌರ್ಜನ್ಯಗಳ ತನಿಖೆಗೆ ನೇಮಕವಾದ ಸದಾಶಿವ ಸಮಿತಿಯ ಮುಂದೆ ಚರ್ಚೆಗೆ ಬಂತು. 2007ರಲ್ಲಿ ಮಾನವ ಹಕ್ಕು ಆಯೋಗ 89 ಮಂದಿಗೆ ಪರಿಹಾರ ಕೊಡಿಸಿತು. ಏಟು ತಿಂದವನು ಏಟು ನಿಲ್ಲಲೆಂದು ಏನನ್ನಾದರೂ ಒಪ್ಪಿಕೊಳ್ಳುತ್ತಾನೆ. ಮರುದಿನ ಬಂದು ನಿಜದ ಸುಳಿವು ಹೇಳುವವನು ಅವನಲ್ಲ. ಕಕೂನ್ ಗೆದ್ದದ್ದು ಈ ಹಳೆಯ ದಾರಿ ಬಿಟ್ಟಿದ್ದಕ್ಕೆ ಎಂದೇ ನನ್ನ ಅಂದಾಜು.

ಗೌರಿಬಿದನೂರು ಸುತ್ತಲಿನ ನಮ್ಮ ನಂದಿ ಸೀಮೆಯವರಿಗೆ ಇದು ದೂರದ ಕಾಡಿನ ಕಥೆ ಅನ್ನಿಸಬಹುದು. ಆದರೆ 2005ರ ಫೆಬ್ರವರಿ 6ರಂದು ಮಲೆನಾಡಿನ ಬಳಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಿದ್ದ. ನಾಲ್ಕೇ ದಿನಕ್ಕೆ, ಗೌರಿಬಿದನೂರಿನಿಂದ ಬಹಳ ದೂರವೇನಲ್ಲದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ರಾತ್ರಿ ನಕ್ಸಲರ ದಾಳಿಯಾಗಿ ಪೊಲೀಸರು ಸತ್ತರು. ನಾಯಕ ಎಲ್ಲಿದ್ದಾನೆಂದು ಪತ್ತೆ ಹಚ್ಚಿದ್ದ ಇಲಾಖೆಗೆ, ಅವನ ಸಾವಿನ ಸೇಡು ಯಾವ ದಿಕ್ಕಿನಿಂದ ಬರುತ್ತದೆಂಬ ಸುಳಿವು ಇರಲಿಲ್ಲ.